ಹಲಗೆ ಮಲಗಿರಲಿ, ಗರಗಸ ಓಡಲಿ

ನಮ್ಮ ಕಡೆ ಪ್ಲೈವುಡ್ ಕೊಯ್ಯುವ ಕೆಲಸ ಹೆಚ್ಚಾಗಿ ನಡೆಯುವುದು ನಾಲ್ಕಿಂಚಿನ ಕಟ್ಟರ್ ಮಷಿನ್‌ನಲ್ಲಿ. ಅದು ಹುಟ್ಟಿದ್ದೇ ಮಾರ್ಬಲ್ಲು, ಟೈಲ್ಸು ಕತ್ತರಿಸಲಿಕ್ಕೆ. ಅದಕ್ಕೆ ಮರದ ಬ್ಲೇಡು ಹಾಕಿಕೊಳ್ಳುತ್ತಾರೆ. ಕೆಲವರು ಇನ್ನೂ ಮುಂದೆ ಹೋಗಿ, ತಲೆಕೆಳಗು ಮಾಡಿ ಹಲಗೆಗೆ ಸ್ಕ್ರೂ ಹೊಡೆದು, ಸ್ವಿಚ್ಚಿಗೆ ಇನ್ಸುಲೇಷನ್ ಟೇಪು ಸುತ್ತಿ ಆನ್‌ನಲ್ಲೇ ಇಟ್ಟು, ಟೇಬಲ್ ಗರಗಸ ಮಾಡಿಕೊಳ್ಳುತ್ತಾರೆ. ಮೈಸೂರಿನಲ್ಲಿ ಇಂಟೀರಿಯರ್ ಕೆಲಸ ನಡೆಯುತ್ತಿರುವ ಹೊಸ ಅಪಾರ್ಟ್‌ಮೆಂಟುಗಳಿಗೆ ಹೋಗಿ ನೋಡಿ, ಇದೇ ಕಾಣುತ್ತದೆ. ಅದರಲ್ಲಿ ಚೆಂದದ ಕೆಲಸ ಮಾಡುವವರೂ ಇದ್ದಾರೆ. ಅದು ಅವರ ಕೈಗುಣ, ಮಷಿನ್ನಿನದಲ್ಲ.

ಲೆಕ್ಕ ಒಂದು ಸಲ ನೋಡಿ. ಕಟ್ಟರ್ ಮಷಿನ್ ನಿಮಿಷಕ್ಕೆ 12,000 ಸುತ್ತಿನ ಆಸುಪಾಸು ತಿರುಗುತ್ತದೆ. 110 ಮಿ.ಮೀ. ಬ್ಲೇಡಿನ ಹಲ್ಲು ಆಗ ಗಂಟೆಗೆ ಸುಮಾರು 250 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ನನ್ನ ಹತ್ತಿರ ಇರುವುದು ಟ್ರ್ಯಾಕ್ ಸಾ, ಅಂದರೆ ಹಲಗೆಯ ಮೇಲಿಟ್ಟ ನೇರ ಹಳಿಯ (ರೈಲಿನ) ಮೇಲೆ ಓಡುವ ಗರಗಸ. ಮಕೀಟಾ ಎಸ್‌ಪಿ6000. ಬ್ಲೇಡು 165 ಮಿ.ಮೀ., ವೇಗ 2,000ದಿಂದ 5,200 ಸುತ್ತು. ಪೂರ್ತಿ ವೇಗ ಕೊಟ್ಟರೂ ಹಲ್ಲು ಗಂಟೆಗೆ 160 ಕಿ.ಮೀ. ಸುಮಾರಿಗೆ ಓಡುತ್ತದೆ. ಅದೇನು ಕಮ್ಮಿ ಅಲ್ಲ. ಬೆರಳಿಗೆ ಎರಡೂ ಒಂದೇ. ಆದರೆ ತಲೆಕೆಳಗಿನ ಕಟ್ಟರ್‌ನಲ್ಲಿ ನೀವು ಮರವನ್ನು ಬ್ಲೇಡಿನ ಕಡೆಗೆ ತಳ್ಳುತ್ತೀರಿ, ಅಂದರೆ ಕೈಯೂ ಅದೇ ಕಡೆಗೆ ಹೋಗುತ್ತಿರುತ್ತದೆ. ಟ್ರ್ಯಾಕ್ ಸಾನಲ್ಲಿ ಹಲಗೆ ಮಲಗಿದ ಕಡೆ ಮಲಗಿರುತ್ತದೆ. ಎರಡೂ ಕೈ ಗರಗಸದ ಹಿಡಿಗಳ ಮೇಲೆ. ಬ್ಲೇಡು ಕವಚದ ಒಳಗೆ. ಹಿಡಿ ಒತ್ತಿದರೆ ಮಾತ್ರ ಕೆಳಗಿಳಿಯುತ್ತದೆ, ಬಿಟ್ಟರೆ ಸ್ಪ್ರಿಂಗು ಅದನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ.

ರೈಲಿನ ಮೇಲೆ ಗರಗಸ ಓಡಿಸುವ ಉಪಾಯ 1960ರ ದಶಕದ್ದು. ಜರ್ಮನಿಯ ಫೆಸ್ಟೋ ಕಂಪನಿಯವರು ಮಾಡಿದ್ದು, ಈಗ ಫೆಸ್ಟೂಲ್ ಅನ್ನುವ ಹೆಸರಿನಲ್ಲಿ ಮಾರುತ್ತಾರೆ. ಮಕೀಟಾ, ಬಾಷ್ ಎಲ್ಲರೂ ಮಾಡುವುದು ಈಗ ಹೆಚ್ಚುಕಮ್ಮಿ ಅದೇ ತರಹದ್ದು.

ನನಗೆ ಮರಗೆಲಸದ ಅಆಇಈ ಹೇಳಿಕೊಟ್ಟ ಆಚಾರ್ರಿಗೆ ಈ ಮಷಿನ್ನು ಕಂಡರೆ ಈಗಲೂ ಸ್ವಲ್ಪ ತಾತ್ಸಾರ. ರೈಲು ಇಟ್ಟು, ಅಳೆದು, ಮತ್ತೆ ಅಳೆದು, ಬಗ್ಗಿ ನೋಡುತ್ತಿದ್ದರೆ ಪಕ್ಕದಲ್ಲಿ ನಿಂತು, "ಅಲ್ಲ ಮೇಡಂ, ಇಷ್ಟೊತ್ತಿಗೆ ನಾನು ಒಂದು ಬೀರುವಿಗೆ ಆಗೋಷ್ಟು ಕೊಯ್ದು ಬಿಸಾಕ್ತಿದ್ದೆ" ಅನ್ನುತ್ತಾರೆ. ಕೊಯ್ಯುತ್ತಾರೆ, ಸುಳ್ಳಲ್ಲ. ಆದರೆ ಹಾಗೆ ಹೇಳುವಾಗ ತೋರಿಸುವ ಎಡಗೈಯ ತೋರುಬೆರಳಿನಲ್ಲಿ ಉಗುರಿನಿಂದ ಮೇಲಕ್ಕೆ ಏನೂ ಇಲ್ಲ. ಅದು ಹೋಗಿದ್ದು ಕಟ್ಟರ್ ಮಷಿನ್‌ಗೇ. ನಾನು ಬೆರಳು ನೋಡುತ್ತೇನೆ, ಅವರೂ ನೋಡಿಕೊಳ್ಳುತ್ತಾರೆ, ಟೀ ಮಾಡಿಕೊಂಡು ಬರುತ್ತೇನೆ ಅಂತ ನಾನು ಒಳಗೆ ಹೋಗುತ್ತೇನೆ.

ನಾನು ಇದನ್ನು ಕೊಂಡಿದ್ದಕ್ಕೆ ಕಾರಣ ತೂಕ. 8 ಅಡಿ 4 ಅಡಿಯ 19 ಮಿ.ಮೀ. ಪ್ಲೈ ಒಂದು 35 ಕೆ.ಜಿ. ಸುಮಾರು ಬರುತ್ತದೆ. ಮನೆ ಹಿಂದಿನ ಶೆಡ್ಡಿನಲ್ಲಿ ನಾನೊಬ್ಬಳೇ. ಅದನ್ನು ಎತ್ತಿ ಟೇಬಲ್ ಗರಗಸದ ಮೇಲಿಟ್ಟು ನೇರವಾಗಿ ತಳ್ಳುವುದು ನನ್ನ ಕೈಯಲ್ಲಿ ಆಗುವ ಮಾತಲ್ಲ. ಒಬ್ಬರು ಆ ಕಡೆ ಹಿಡಿಯದೆ ಮಾಡಲೂಬಾರದು. ಈಗ ಹಲಗೆಯನ್ನು ಗೋಡೆಯಿಂದ ಮೂಲೆ ಮೂಲೆಯಾಗಿ ನಡೆಸಿಕೊಂಡು ಬರುತ್ತೇನೆ, ಮಲಗಿಸುತ್ತೇನೆ, ಅಷ್ಟೇ. ಆಮೇಲೆ ಅದರ ಸುತ್ತ ಓಡಾಡುವ ಕೆಲಸ ನನ್ನದು.

ಮಲಗಿಸುವುದು ಎಲ್ಲಿ ಅನ್ನುವುದರ ಮೇಲೆ ಮುಕ್ಕಾಲು ಕೆಲಸ ನಿಂತಿದೆ. ಎರಡು ಸ್ಟೂಲಿನ ಮೇಲೆ ಹಲಗೆ ಇಟ್ಟು ನಡುವೆ ಕೊಯ್ಯುವವರನ್ನು ನೋಡಿದ್ದೇನೆ. ಕೊಯ್ತ ಮುಗಿಯುತ್ತ ಬಂದ ಹಾಗೆ ಎರಡೂ ತುಂಡು ನಡುವಿಗೆ ಜಗ್ಗುತ್ತವೆ. ಕೊಯ್ದ ಸಂದು ಮುಚ್ಚಿಕೊಂಡು ಬ್ಲೇಡನ್ನು ಕಚ್ಚುತ್ತದೆ. ಕಚ್ಚಿದರೆ ಗರಗಸ ಹಿಂದಕ್ಕೆ, ನಿಮ್ಮ ಕಡೆಗೆ, ಒದೆಯುತ್ತದೆ. ಅದಕ್ಕೆ ಇಡೀ ಹಲಗೆಗೆ ಕೆಳಗಿನಿಂದ ಆಸರೆ ಇರಬೇಕು, ಇಟ್ಟುಕೊಳ್ಳುವ ತುಂಡಿಗೂ ಬಿಸಾಕುವ ತುಂಡಿಗೂ. ನಾನು ನೆಲದ ಮೇಲೆ 50 ಮಿ.ಮೀ. ದಪ್ಪದ ಎಕ್ಸ್‌ಪಿಎಸ್ ಫೋಮ್ ಹಾಸುತ್ತೇನೆ. ತಾರಸಿಗೆ ಬಿಸಿಲು ತಡೆಯಲಿಕ್ಕೆ ಹಾಕುತ್ತಾರಲ್ಲ, ಆ ಗಟ್ಟಿ ಶೀಟು. ಬ್ಲೇಡು ಅದರೊಳಗೆ ಒಂದಿಷ್ಟು ಇಳಿದರೆ ಏನೂ ಆಗುವುದಿಲ್ಲ. ಫ್ರಿಜ್ಜು, ಟಿವಿ ಡಬ್ಬದ ಥರ್ಮಕೋಲ್ ಕೂಡ ನಡೆಯುತ್ತದೆ, ಆದರೆ ಅದರ ಕಾಳು ಮೈಗೆಲ್ಲ ಅಂಟಿಕೊಂಡು ಸಾಯಂಕಾಲದವರೆಗೆ ಬಿಡುವುದಿಲ್ಲ. ಹಳೆಯ ಫ್ಲಶ್ ಡೋರ್ ಸಿಕ್ಕಿದರೆ ಅದೂ ಒಳ್ಳೆಯದೇ. ಮೊಳೆ ಇದೆಯಾ ಅಂತ ಮಾತ್ರ ನೋಡಿಕೊಳ್ಳಿ.

ರೈಲಿನ ವಿಷಯಕ್ಕೆ ಬರೋಣ. ಅದರ ಅಂಚಿಗೆ ಒಂದು ರಬ್ಬರಿನ ತರಹದ ಪಟ್ಟಿ ಇರುತ್ತದೆ. ಹೊಸದರಲ್ಲಿ ಅದು ಬೇಕಾದ್ದಕ್ಕಿಂತ ಒಂದಿಷ್ಟು ಹೊರಗೆ ಚಾಚಿರುತ್ತದೆ. ಮೊದಲ ಸಲ ಗರಗಸ ಓಡಿಸಿದಾಗ ಬ್ಲೇಡು ಆ ಪಟ್ಟಿಯನ್ನೇ ಸವರಿಕೊಂಡು ಹೋಗುತ್ತದೆ. ಅಲ್ಲಿಂದ ಮುಂದೆ ಪಟ್ಟಿಯ ಅಂಚು ಎಲ್ಲಿದೆಯೋ ಬ್ಲೇಡಿನ ಹಲ್ಲು ಅಲ್ಲೇ ಹೋಗುತ್ತದೆ. ಪೆನ್ಸಿಲ್ ಗೆರೆಯ ಮೇಲೆ ಪಟ್ಟಿ ಇಟ್ಟರೆ ಮುಗಿಯಿತು, ಬೇರೆ ಲೆಕ್ಕ ಬೇಡ. ಕಟ್ಟರ್ ಮಷಿನ್‌ಗೆ ಆಚಾರ್ರು ಅಲ್ಯೂಮಿನಿಯಂ ಬಾಕ್ಸ್ ಸೆಕ್ಷನ್ ಕ್ಲಾಂಪ್ ಮಾಡಿ ಓಡಿಸುವಾಗ ಬೇಸಿನ ಅಂಚಿನಿಂದ ಬ್ಲೇಡಿಗೆ ಇರುವ ದೂರವನ್ನು ಪ್ರತಿ ಸಲ ಕಳೆಯಬೇಕು. ಇಲ್ಲಿ ಆ ತಲೆನೋವಿಲ್ಲ.

ಇದರಲ್ಲಿ ಎರಡು ಮಾತು ನೆನಪಿರಲಿ. ಪಟ್ಟಿ ಸವರುವ ಮೊದಲು ಬೇಸಿನ ಆಟ ತೆಗೆಯಬೇಕು. ಗರಗಸದ ಬೇಸಿನಲ್ಲಿ ತಿರುಗಿಸುವ ಎರಡು ಸಣ್ಣ ಗುಂಡಿಗಳಿವೆ. ಅವುಗಳನ್ನು ತಿರುಗಿಸಿ ಬೇಸು ರೈಲಿನ ಮೇಲೆ ಅಕ್ಕಪಕ್ಕ ಅಲ್ಲಾಡದೆ, ಆದರೆ ಸಲೀಸಾಗಿ ಜಾರುವ ಹಾಗೆ ಮಾಡಿಕೊಳ್ಳಿ. ಆಟ ಇಟ್ಟುಕೊಂಡೇ ಪಟ್ಟಿ ಸವರಿದರೆ, ಆಮೇಲೆ ಸರಿ ಮಾಡಿದಾಗ ಬ್ಲೇಡು ಮತ್ತು ಪಟ್ಟಿಯ ನಡುವೆ ಸಂದು ಬೀಳುತ್ತದೆ. ಇನ್ನೊಂದು, ಬೇರೆ ಬ್ಲೇಡು ಹಾಕಿದರೆ ಹಲ್ಲಿನ ಅಗಲ ಬೇರೆ ಇರಬಹುದು. ಹಾಗಾಗಿ ಪ್ಲೈಗೆ ಅಂತ ಒಂದೇ 48 ಹಲ್ಲಿನ ಬ್ಲೇಡನ್ನು ಖಾಯಂ ಮಾಡಿಕೊಂಡಿದ್ದೇನೆ. ಗಟ್ಟಿ ಮರ ಉದ್ದಕ್ಕೆ ಸೀಳುವಾಗ ಕಮ್ಮಿ ಹಲ್ಲಿನದು ಹಾಕಬೇಕು. ಹೆಚ್ಚು ಹಲ್ಲಿನ ಬ್ಲೇಡು ಅಲ್ಲಿ ಪುಡಿ ಹೊರಗೆ ಹಾಕಲಾಗದೆ ಬಿಸಿಯಾಗಿ ಮರವನ್ನು ಸುಡುತ್ತದೆ. ಬ್ಲೇಡು ಬದಲಾಯಿಸುವ ಮೊದಲು ಪ್ಲಗ್ ಕಿತ್ತು, ಕಣ್ಣಿಗೆ ಕಾಣುವ ಹಾಗೆ ಮುಂದೆ ಇಟ್ಟುಕೊಳ್ಳಿ. ಸ್ವಿಚ್ ಆಫ್ ಮಾಡಿದ್ದೇನೆ ಅನ್ನುವುದು ಸಾಲದು.

ಆ ಪಟ್ಟಿಗೆ ಇನ್ನೂ ಒಂದು ಕೆಲಸ ಇದೆ. ಈ ಗರಗಸದಲ್ಲಿ ಬ್ಲೇಡಿನ ಮುಂಭಾಗದ ಹಲ್ಲುಗಳು ಕೆಳಗಿನಿಂದ ಮೇಲಕ್ಕೆ ಏಳುತ್ತವೆ. ಹಾಗಾಗಿ ಚಕ್ಕೆ ಏಳುವುದು ಮೇಲಿನ ಮುಖದಲ್ಲಿ. ರೈಲು ಇಲ್ಲದೆ ಕೊಯ್ಯುವವರು ಒಳ್ಳೆಯ ಮುಖವನ್ನು ಕೆಳಗೆ ಮಾಡುವುದು ಅದಕ್ಕೇ. ರೈಲಿನ ಪಟ್ಟಿ ನಾರನ್ನು ಗೆರೆಯ ಪಕ್ಕದಲ್ಲೇ ಒತ್ತಿ ಹಿಡಿದುಕೊಳ್ಳುವುದರಿಂದ ಒಳ್ಳೆಯ ಮುಖ ಮೇಲೆ ಇಟ್ಟೇ ಕೊಯ್ಯಬಹುದು. ಆದರೆ ಪಟ್ಟಿ ಕಾಯುವುದು ತನ್ನ ಕೆಳಗಿರುವ ತುಂಡನ್ನು ಮಾತ್ರ. ಆಚೆಯ ತುಂಡಿನಲ್ಲಿ ಚಕ್ಕೆ ಏಳುತ್ತದೆ. ಆದ್ದರಿಂದ ಇಟ್ಟುಕೊಳ್ಳುವ ತುಂಡು ರೈಲಿನ ಕೆಳಗೆ, ಬಿಸಾಕುವುದು ಹೊರಗೆ. ತೇಗದ ವೆನೀರ್ ಅಥವಾ ಪ್ರೀಲ್ಯಾಮ್ (ಮೊದಲೇ ಲ್ಯಾಮಿನೇಟ್ ಅಂಟಿಸಿ ಬಂದ ಹಲಗೆ) ಇದ್ದು, ಎರಡೂ ತುಂಡು ಬೇಕು ಅಂದರೆ ಮೊದಲು 2 ಮಿ.ಮೀ. ಆಳಕ್ಕೆ ಒಂದು ಸಲ ಗೀರಿ, ಆಮೇಲೆ ಪೂರ್ತಿ ಇಳಿಸುತ್ತೇನೆ. ನನ್ನ ಮಷಿನ್ನಿನಲ್ಲಿ ಅದಕ್ಕೇ ಒಂದು ಗುಂಡಿ ಇದೆ. ಈ ಗೀರುವ ಕೊಯ್ತವನ್ನು ಕೆಲವರು ಹಿಮ್ಮುಖವಾಗಿ ಎಳೆದುಕೊಂಡು ಮಾಡುತ್ತಾರೆ. ಚಕ್ಕೆ ಇನ್ನೂ ಕಮ್ಮಿ ಏಳುತ್ತದೆ, ನಿಜ. ನಾನು ಮಾಡುವುದಿಲ್ಲ, ಹೊಸಬರಿಗೆ ಹೇಳುವುದೂ ಇಲ್ಲ. ಬ್ಲೇಡು ಮರದೊಳಗೆ ತಿರುಗುತ್ತಿರುವಾಗ ಹಿಂದಕ್ಕೆ ಎಳೆಯುವ ಅಭ್ಯಾಸ ಕೈಗೆ ಬಂದುಬಿಟ್ಟರೆ, ಒಂದು ದಿನ ಅದು ಪೂರ್ತಿ ಆಳದ ಕೊಯ್ತದಲ್ಲೂ ಎಳೆಯುತ್ತದೆ.

ಆಳಕ್ಕೆ ಅಳತೆಪಟ್ಟಿ ಇದೆ, ಆದರೆ ನಾನು ಅದನ್ನು ನಂಬುವುದಿಲ್ಲ. ರೈಲಿನ ದಪ್ಪವೇ ಸುಮಾರು 5 ಮಿ.ಮೀ. ಕೆಲವು ಕಂಪನಿಗಳ ಅಳತೆಪಟ್ಟಿಯಲ್ಲಿ ಅದು ಸೇರಿರುತ್ತದೆ, ಕೆಲವದರಲ್ಲಿ ಇರುವುದಿಲ್ಲ. ಮೇಲಾಗಿ ಬಿಲ್ಲಿನಲ್ಲಿ 19 ಅಂತ ಇರುವ ಪ್ಲೈ ಅಳೆದರೆ 18ರ ಆಚೀಚೆ ಬರುತ್ತದೆ. ಪ್ಲಗ್ ಕಿತ್ತು, ರೈಲಿನ ಮೇಲೆ ಗರಗಸ ಇಟ್ಟು, ಹಲಗೆಯ ಅಂಚಿನ ಹೊರಗೆ ಬ್ಲೇಡು ಇಳಿಸಿ ಪಕ್ಕದಿಂದ ನೋಡಿ. ಹಲ್ಲು ಹಲಗೆಯಿಂದ 3 ಮಿ.ಮೀ. ಕೆಳಗೆ ಕಂಡರೆ ಸಾಕು. ಜಾಸ್ತಿ ಇಳಿಸಿದರೆ ಫೋಮ್ ಹಾಳು, ಮೋಟರಿಗೆ ಸುಮ್ನೆ ಭಾರ, ಒದೆತ ಬಂದರೆ ಅದೂ ಜೋರು.

ಈಗ ಒಂದು ಕೊಯ್ತ. ವಾರ್ಡ್‌ರೋಬಿನ ಪಕ್ಕದ ಹಲಗೆ, 2100ಕ್ಕೆ 580 ಮಿ.ಮೀ. ಅಂದುಕೊಳ್ಳಿ. ಪ್ಲೈ ಕಾರ್ಖಾನೆಯಿಂದ ಬಂದ ಅಂಚು ನೇರ ಇರುತ್ತದೆ ಅಂತ ನಂಬಬೇಡಿ, ಸಾಗಣೆಯಲ್ಲಿ ಮೂಲೆಗಳು ನಜ್ಜುಗುಜ್ಜಾಗಿರುತ್ತವೆ. ಮೊದಲು ಒಂದು ಉದ್ದದ ಅಂಚನ್ನು ಒಂದರ್ಧ ಇಂಚು ಸವರಿ ತೆಗೆಯುತ್ತೇನೆ. ಇನ್ನು ಮುಂದೆ ಎಲ್ಲ ಅಳತೆಯೂ ಆ ಹೊಸ ಅಂಚಿನಿಂದ. 580ಕ್ಕೆ ಟೇಪಿನಲ್ಲಿ ಎರಡು ಕಡೆ ಗುರುತು ಹಾಕುವ ಬದಲು, ಸರಿಯಾಗಿ 580 ಉದ್ದದ ಎರಡು ಕೋಲು ಕೊಯ್ದಿಟ್ಟುಕೊಂಡಿದ್ದೇನೆ. ಎರಡೂ ತುದಿಯಲ್ಲಿ ಕೋಲನ್ನು ಅಂಚಿಗೆ ಸಮ ಮಾಡಿ, ರೈಲಿನ ಪಟ್ಟಿಯನ್ನು ಕೋಲಿನ ತುದಿಗೆ ತಂದು ಬೆರಳಿನಿಂದ ಸವರಿ ನೋಡುತ್ತೇನೆ. ಕಣ್ಣಿಗೆ ಕಾಣದ ಹೆಚ್ಚುಕಮ್ಮಿ ಬೆರಳಿಗೆ ಗೊತ್ತಾಗುತ್ತದೆ. ನಾಲ್ಕು ಹಲಗೆ ಕೊಯ್ದರೂ ನಾಲ್ಕೂ ಒಂದೇ ಅಗಲ ಬರುತ್ತವೆ. ಬೀರುವಿಗೆ ಬೇಕಾಗಿರುವುದು ಅದೇ ಅಲ್ವಾ? 580ರ ಬದಲು ಎಲ್ಲವೂ 579.5 ಆದರೆ ಯಾರಿಗೂ ತೊಂದರೆಯಿಲ್ಲ. ಒಂದೊಂದು ಒಂದೊಂದು ತರಹ ಆದರೆ ಬಾಗಿಲು ಕೂರುವುದಿಲ್ಲ.

ರೈಲಿನ ಕೆಳಗೆ ಜಾರದ ಹಾಗೆ ಎರಡು ಪಟ್ಟಿಗಳಿರುತ್ತವೆ. ಪ್ಲೈ ಮೇಲಿನ ಪುಡಿಯನ್ನು ಒರೆಸದೆ ಇಟ್ಟರೆ ಅವು ಇದ್ದೂ ಇಲ್ಲದ ಹಾಗೆ. ಒರೆಸಿದ ಮೇಲೂ ನಾನು ಎರಡು ತುದಿಗೆ ಕ್ಲಾಂಪ್ ಹಾಕುತ್ತೇನೆ. ಕ್ಲಾಂಪಿನ ತಲೆ ರೈಲಿನ ಅಡಿಯ ಉದ್ದನೆಯ ತೋಡಿನೊಳಗೆ ತೂರುವುದರಿಂದ ಗರಗಸದ ದಾರಿಗೆ ಅಡ್ಡ ಬರುವುದಿಲ್ಲ.

ರೈಲು ಹಲಗೆಗಿಂತ ಉದ್ದ ಇರಲೇಬೇಕು. ನಿಮ್ಮ ಕಡೆ 200 ಮಿ.ಮೀ. ಆದರೂ ಹೊರಗೆ ಚಾಚಿರಲಿ. ಆಗ ಗರಗಸದ ಬೇಸು ರೈಲಿನ ಮೇಲೆ ಪೂರ್ತಿ ಕೂತಿರುತ್ತದೆ, ಬ್ಲೇಡು ಇನ್ನೂ ಮರಕ್ಕೆ ತಾಗಿರುವುದಿಲ್ಲ. ಸ್ವಿಚ್ ಒತ್ತಿ, ಪೂರ್ತಿ ವೇಗ ಬರಲಿ, ಗಾಳಿಯಲ್ಲೇ ಬ್ಲೇಡು ಇಳಿಸಿ, ಆಮೇಲೆ ಮುಂದೆ ತಳ್ಳಿ. ಹಲಗೆಯ ನಡುವಿನಿಂದಲೇ ಇಳಿಸಬೇಕಾದ ಕೆಲಸವೂ ಬರುತ್ತದೆ, ಅಡುಗೆಮನೆ ಸಿಂಕಿಗೆ ಕಿಂಡಿ ತೆಗೆಯುವ ಹಾಗೆ. ಆಗ ಬ್ಲೇಡಿನ ಅಡಿಯ ಹಲ್ಲು ಮೊದಲು ಮರವನ್ನು ಮುಟ್ಟುತ್ತದೆ. ಅದು ಓಡುವುದು ಮುಂದಕ್ಕೆ, ಹಾಗಾಗಿ ಗರಗಸ ಹಿಂದಕ್ಕೆ ಜಿಗಿಯಲು ನೋಡುತ್ತದೆ. ಬೇಸಿನ ಹಿಂದೆ ರೈಲಿಗೆ ಒಂದು ತಡೆ ಬಿಗಿದೇ ಇಳಿಸಿ. ತಡೆ ಇಲ್ಲದಿದ್ದರೆ ಒಂದು ಕ್ಲಾಂಪನ್ನೇ ಅಲ್ಲಿ ಹಾಕಿ. ಇಳಿಸುವುದು ನಿಧಾನ, ಒಂದೇ ಸಮ.

ತಳ್ಳುವ ವೇಗವನ್ನು ಕಿವಿಗೆ ಬಿಡಿ. ಮೋಟರಿನ ಸದ್ದು ತಗ್ಗಿದರೆ ಅವಸರ ಮಾಡುತ್ತಿದ್ದೀರಿ. ಸದ್ದು ಹಗುರ ಇದ್ದು ಸುಟ್ಟ ವಾಸನೆ ಬಂದರೆ ನಿಧಾನ ಜಾಸ್ತಿಯಾಯಿತು, ಅಥವಾ ಬ್ಲೇಡಿಗೆ ಅಂಟು ಹತ್ತಿ ಕಪ್ಪಾಗಿದೆ. ನೀವು ಗರಗಸದ ನೇರ ಹಿಂದೆ ಇರಬೇಡಿ, ಒಂದು ಪಕ್ಕಕ್ಕೆ ಇರಿ. ಎಂಟಡಿ ಉದ್ದದ ಕೊಯ್ತದಲ್ಲಿ ಮಂಡಿ ಮೇಲೆ ಮುಂದೆ ಹೋಗಬೇಕಾಗುತ್ತದೆ. ಕೈ ಚಾಚಿ ತಲುಪಲು ಹೋಗುವುದಕ್ಕಿಂತ ನಿಲ್ಲಿಸುವುದು ಮೇಲು. ಸ್ವಿಚ್ ಬಿಟ್ಟು, ಬ್ಲೇಡು ನಿಲ್ಲಲಿ, ಮೇಲೆ ಬರಲಿ, ನೀವು ಜಾಗ ಬದಲಿಸಿ, ಗರಗಸವನ್ನು ಎರಡು ಬೆರಳಿನಷ್ಟು ಹಿಂದೆ ಸರಿಸಿ ಮತ್ತೆ ಶುರು ಮಾಡಿ.

ಅರ್ಧ ಕೊಯ್ತದಲ್ಲಿ ಗರಗಸ ತಟ್ಟನೆ ನಿಂತರೆ ಮೊದಲು ಹಿಂದೆ ನೋಡಿ. ವೈರು ಅಥವಾ ವ್ಯಾಕ್ಯೂಮಿನ ಪೈಪು ರೈಲಿನ ತುದಿಗೆ ಸಿಕ್ಕಿಕೊಂಡಿರುತ್ತದೆ. ಆಗ ಜೋರಾಗಿ ತಳ್ಳಿದರೆ ಗರಗಸ ಓರೆಯಾಗಿ ಒತ್ತುತ್ತದೆ, ಅಂಚಿನ ಮೇಲೆ ಕಪ್ಪು ಕಲೆ ಬೀಳುತ್ತದೆ, ಒದೆತಕ್ಕೂ ದಾರಿ. ಎರಡನ್ನೂ ಭುಜದ ಮೇಲಿನಿಂದ ಹಾಕಿಕೊಳ್ಳಿ. ಭುಜದ ಮೇಲೆ ಟವೆಲ್ ಮಾತ್ರ ಬೇಡ, ಜೋತಾಡುವ ದುಪಟ್ಟಾನೂ ಬೇಡ, ಗ್ಲೌಸೂ ಬೇಡ.

ನನ್ನ ಮಷಿನ್ನಿನಲ್ಲಿ ಬ್ಲೇಡಿನ ಹಿಂದೆ ಸಂದನ್ನು ಬಿಡಿಸಿ ಹಿಡಿಯುವ ತಗಡು ಇಲ್ಲ. ಫೆಸ್ಟೂಲ್‌ನಲ್ಲಿ ಇದೆ. ಪ್ಲೈಗೆ ಇದರಿಂದ ಅಂಥ ತೊಂದರೆ ಇಲ್ಲ. ಆದರೆ ಸರಿಯಾಗಿ ಆರದ ಹಲಸಿನ ಹಲಗೆ ಉದ್ದಕ್ಕೆ ಸೀಳುವಾಗ ನೋಡಬೇಕು, ಅರ್ಧಕ್ಕೆ ಬರುವಷ್ಟರಲ್ಲಿ ಹಿಂದೆ ಸಂದು ಮುಚ್ಚಿಕೊಳ್ಳುತ್ತ ಬರುತ್ತದೆ. ಅಲ್ಲಿ ಗರಗಸ ನಿಲ್ಲಿಸಿ, ಕೊಯ್ದ ಸಂದಿಗೆ ಒಂದು ಸಣ್ಣ ಬೆಣೆ ತೂರಿಸಿ ಮುಂದುವರಿಸಬೇಕು. ಇದನ್ನು ಹೇಳಿಕೊಟ್ಟವರು ಆಚಾರ್ರೇ. ಕೈಗರಗಸದ ಕಾಲದಿಂದಲೂ ಅವರು ಹಾಗೇ ಮಾಡುತ್ತಾರಂತೆ.

ಎಂಟಡಿಗೆ 1400 ಮಿ.ಮೀ.ನ ಎರಡು ರೈಲು ಜೋಡಿಸುತ್ತೇನೆ. ಜೋಡಿಸುವ ಸ್ಕ್ರೂಗಳನ್ನು ಸಿಟ್ಟಿನಲ್ಲಿ ಬಿಗಿಯಬೇಡಿ, ರೈಲು ಬಾಗುತ್ತದೆ. ನೇರ ಇದೆಯೋ ಇಲ್ಲವೋ ನೋಡಲು ದುಬಾರಿ ಸಾಮಾನು ಬೇಡ. ಪ್ಲೈ ಮೇಲೆ ಎರಡು ಚುಕ್ಕೆ ಇಡಿ, ಪಟ್ಟಿಯನ್ನು ಎರಡಕ್ಕೂ ತಾಗಿಸಿ ಚೂಪು ಪೆನ್ಸಿಲ್ಲಿನಲ್ಲಿ ಗೆರೆ ಎಳೆಯಿರಿ. ರೈಲನ್ನು ಅರ್ಧ ಸುತ್ತು ತಿರುಗಿಸಿ ಗೆರೆಯ ಆಚೆ ಬದಿಗೆ ತಂದು, ಅದೇ ಚುಕ್ಕೆಗಳಿಗೆ ತಾಗಿಸಿ ಮತ್ತೊಂದು ಗೆರೆ. ಎರಡೂ ಒಂದರ ಮೇಲೊಂದು ಕೂತರೆ ನೇರ. ನಡುವೆ ಹೊಟ್ಟೆ ಬಂದರೆ, ಬಾಗು ಅದರ ಅರ್ಧದಷ್ಟು.

ಮೂಲೆಗೆ ಕೂಡ ಹಳೆಯ ದಾರಿಯೇ. ಗಾರೆ ಮೇಸ್ತ್ರಿಗಳು ಪಾಯಕ್ಕೆ ದಾರ ಹಿಡಿದು 3-4-5 ನೋಡುತ್ತಾರಲ್ಲ, ಅದು. 900, 1200 ಗುರುತು ಹಾಕಿ ಓರೆ 1500 ಬರಬೇಕು. ಇಡೀ ಪ್ಲೈ ಶೀಟು ಚೌಕ ಇದ್ದರೆ, 2440ಕ್ಕೆ 1220ರದ್ದು, ಮೂಲೆಯಿಂದ ಮೂಲೆಗೆ ಎರಡೂ ಕಡೆ 2728 ಬರುತ್ತದೆ.

ಬ್ಲೇಡು ತಿನ್ನುವ ಮರವನ್ನು ಲೆಕ್ಕಕ್ಕೆ ಹಿಡಿಯಿರಿ. ನನ್ನ ಬ್ಲೇಡಿನದು 2.2 ಮಿ.ಮೀ. 96 ಇಂಚಿನ ಶೀಟಿನಲ್ಲಿ 24 ಇಂಚಿನ ನಾಲ್ಕು ತುಂಡು ಬರುತ್ತವೆ ಅಂತ ಗ್ರಾಹಕರಿಗೆ ಮಾತು ಕೊಟ್ಟರೆ ನಾಲ್ಕನೆಯದು ಗಿಡ್ಡ ಬರುತ್ತದೆ. 600 ಮಿ.ಮೀ. ಅಂತ ಒಪ್ಪಿಸಿ. ಮೂರು ಕೊಯ್ತ ಹೋಗಿ ಅಂಚು ಸವರಲಿಕ್ಕೂ ಮೂರು ಸೆಂಟಿಮೀಟರ್ ಉಳಿಯುತ್ತದೆ.

ಧೂಳಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಹೇಳಿದರೆ ಉಪದೇಶ ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮರದ ಧೂಳನ್ನು 1995ರಲ್ಲೇ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ವ್ಯಾಕ್ಯೂಮ್ ಹಾಕಿ, ಎನ್95 ಹಾಕಿ. ಅಂಚು ಸವರುವಾಗ ಬ್ಲೇಡಿನ ಒಂದು ಪಕ್ಕ ಖಾಲಿ ಇರುವುದರಿಂದ ವ್ಯಾಕ್ಯೂಮ್ ಇದ್ದರೂ ಪುಡಿ ಹಾರುತ್ತದೆ, ಕನ್ನಡಕ ಬೇಕೇ ಬೇಕು. ಕಿವಿಗೂ ಏನಾದರೂ ಇರಲಿ.

ಆಯುಧಪೂಜೆ ದಿನ ಆಚಾರ್ರು ಬಂದು ಎಲ್ಲ ಸಾಮಾನಿಗೂ ವಿಭೂತಿ, ಕುಂಕುಮ ಹಚ್ಚುತ್ತಾರೆ. ರೈಲಿಗೆ ಮಾತ್ರ ಬೇಡ ಅಂತ ಕೈ ಮುಗಿದು ಕೇಳಿಕೊಂಡಿದ್ದೇನೆ. ಒದ್ದೆ ಕುಂಕುಮ ಒಣಗಿದರೆ ಗರಗಸ ಅಲ್ಲಿ ತಡೆಯುತ್ತದೆ. ಮೋಟರಿನ ಮೇಲೆ ಹಚ್ಚಿ, ರೈಲಿಗೆ ಒಂದು ಸೇವಂತಿಗೆ ಇಟ್ಟು ಸುಮ್ಮನಾಗುತ್ತಾರೆ. ಉಳಿದ ದಿನಗಳಲ್ಲಿ ರೈಲು ಗೋಡೆಯ ಮೊಳೆಗೆ ನೇತು ಬಿದ್ದಿರುತ್ತದೆ. ಗೋಡೆಗೆ ಓರೆಯಾಗಿ ಒರಗಿಸಿ ಇಡಬೇಡಿ, ಯಾರಾದರೂ ಎಡವಿ ಬೀಳಿಸಿದರೆ ಅಂಚು ಜಜ್ಜಿಹೋಗುತ್ತದೆ. ನಮ್ಮ ಬೇಸಿಗೆಗೆ ಅಡಿಯ ಪಟ್ಟಿಗಳ ಅಂಟೂ ಬಿಡುತ್ತದೆ, ಯುಗಾದಿ ಕಳೆದ ಮೇಲೆ ಒಮ್ಮೆ ಒತ್ತಿ ನೋಡಿಕೊಳ್ಳಿ.

ಇನ್ನು ಇದರಲ್ಲಿ ಎಲ್ಲವೂ ಆಗುತ್ತದೆ ಅಂತ ಅಂಗಡಿಯವರು ಹೇಳಿದರೆ ನಂಬಬೇಡಿ. ಮುಕ್ಕಾಲು ಇಂಚಿನ ಬೀಡಿಂಗ್ ಪಟ್ಟಿಗಳನ್ನು ಸೀಳಲು ಟ್ರ್ಯಾಕ್ ಸಾ ಒಗ್ಗುವುದಿಲ್ಲ. ರೈಲು ಕೂರಲು ಕೆಳಗೆ ಅಗಲವೇ ಇರುವುದಿಲ್ಲ, ಕೂರಿಸಿದರೂ ಒಂದು ಕಡೆಗೆ ವಾಲುತ್ತದೆ. ಪಕ್ಕದಲ್ಲಿ ಅಷ್ಟೇ ದಪ್ಪದ ಇನ್ನೊಂದು ತುಂಡು ಇಟ್ಟು ಎತ್ತರ ಸಮ ಮಾಡಿಕೊಂಡರೆ ಒಂದೆರಡು ಪಟ್ಟಿ ಮಾಡಬಹುದು. ಹತ್ತಿಪ್ಪತ್ತು ಬೇಕಾದಾಗ ನಾನು ಹಲಗೆ ಸ್ಕೂಟರಿಗೆ ಕಟ್ಟಿಕೊಂಡು ಟೇಬಲ್ ಗರಗಸ ಇರುವ ಮಿಲ್ಲಿಗೇ ಹೋಗುತ್ತೇನೆ. ಅಡಿ ಲೆಕ್ಕದಲ್ಲಿ ದುಡ್ಡು ತೆಗೆದುಕೊಂಡು, ತಳ್ಳುಕೋಲು ಹಿಡಿದು, ಹತ್ತು ನಿಮಿಷದಲ್ಲಿ ಮಾಡಿಕೊಡುತ್ತಾರೆ.